ಗೋಡೆಯಿಲ್ಲದ ಅಗಸಿ

ಆ ವರ್ಷ ಯುದ್ಧದ ದೆಸೆಯಿಂದ ಚಿಮಣಿ ಎಣ್ಣೆಗೂ ಬರ ಬಂದಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಪಿಂಜಾರ ಓಣಿಯಲ್ಲಿ ಹೊತ್ತು ಮುಳುಗಿದರೆ ಸಾಕು, ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ದೀಪ ಆರಿಸಿ ಗುಲ್ಜಾರಬಿಯ ಪಡಸಾಲೆಗೆ ಬಂದು ಕೂರುತ್ತಿದ್ದರು. ಒಂದು ಕಂದೀಲು, ಅದರ ಸುತ್ತ ನಾಲ್ಕು ಮನೆಯ ಮಾತು. ಗುಲ್ಜಾರಬಿಯ ಮಗ ಹಗಲೆಲ್ಲ ಹತ್ತಿ ಹಿಂಜಿ ಗುಡ್ಡೆ ಹಾಕಿ ಹೋದರೆ, ಅದನ್ನು ಗಾದಿಯ ಚೀಲಕ್ಕೆ ತುಂಬಿ ಹೊಲಿಗೆ ಹಾಕುವುದು ಅತ್ತೆ ಸೊಸೆಯರ ಕೆಲಸ. ಬಂದವರೂ ಕೈ ಕಟ್ಟಿ ಕೂರುತ್ತಿರಲಿಲ್ಲ. ಗುಲ್ಜಾರಬಿ ಕೂರಲು ಬಿಡುತ್ತಲೂ ಇರಲಿಲ್ಲ.

ಅಂದು ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಓಣಿಯ ಗಟಾರ ತುಂಬಿ ಕಟ್ಟೆಯವರೆಗೆ ನೀರು ಬಂದಿತ್ತು. ಸೊಸೆ ಮೈಮುನಾಳ ಮಗಳು ಮೀರಾಬಿ ಎದುರು ಮನೆಯ ಈರವ್ವನ ಮಕ್ಕಳ ಜೊತೆ ಆಡಲು ಹೋದವಳು ಅಲ್ಲೇ ಉಳಿದಿದ್ದಳು. ಮಕ್ಕಳನ್ನು ಅಲ್ಲಿ ಬಿಟ್ಟು ಈರವ್ವ ಇಲ್ಲಿಗೆ ಬಂದು, ಹತ್ತಿ ಬಿಡಿಸುತ್ತ, ತನ್ನ ತಂಗಿಯ ಮಗಳಿಗೆ ಬಂದ ವರದ ಸುದ್ದಿ ತೆಗೆದಿದ್ದಳು.

“ಹುಡುಗಾ ಛಲೋ ಅದಾನ, ಎತ್ತು, ಹೊಲಾ ಎಲ್ಲಾ ಛಲೋ ಅದಾವ. ಆದ್ರ ಊರ ಕೇಳಿದ್ರ ನಗಿ ಬರತೈತಿ ನೋಡ್ರಿ. ಏಳೋ ಎಂಟೋ ಮನಿ! ಅಗಸಿ ಬಾಗಲಾ ಇಲ್ಲ, ಗುಡಿ ಇಲ್ಲ. ಅದೂ ಒಂದ ಊರೇನ್ರಿ? ಹೊಲದಾಗಿನ ಗುಡಸಲಾ!”

ಎಲ್ಲರೂ ನಕ್ಕರು. ಗುಲ್ಜಾರಬಿ ನಗಲಿಲ್ಲ. ಮೈಮುನಾಗೆ ಅತ್ತೆಯ ಮುಖ ನೋಡಿದ ಕೂಡಲೇ ತಿಳಿಯಿತು, ಈರವ್ವ ಎಲ್ಲೋ ಕೈ ಇಡಬಾರದ ಕಡೆ ಕೈ ಇಟ್ಟಿದ್ದಾಳೆ ಎಂದು. ಆ ಮನೆಗೆ ಸೊಸೆಯಾಗಿ ಬಂದು ಏಳು ವರ್ಷವಾಗಿದ್ದರೂ ಅತ್ತೆ ಬಾಳ್ವೆ ಮಾಡಿದ ಹಳ್ಳಿಯ ಹೆಸರನ್ನು ಯಾರೂ ಅವಳ ಮುಂದೆ ಆಡಿರಲಿಲ್ಲ. ಕೇಳಿದರೆ ಗಂಡ, “ಅದು ಬ್ಯಾಡ ಬಿಡು” ಎಂದು ಎದ್ದು ಹೋಗುತ್ತಿದ್ದ.

ಗುಲ್ಜಾರಬಿ ದಬ್ಬಣವನ್ನು ಗಾದಿಗೆ ಚುಚ್ಚಿ ನಿಲ್ಲಿಸಿದಳು.

“ಈರವ್ವಾ, ನೀ ಭಾಳ ಶಾಣ್ಯಾಕಿ. ಹಂಗಾರ ಹೇಳು, ಊರು ಅಂದ್ರ ಏನ?”

“ಏನಂದ್ರ? ಅಗಸಿ ಇರಬೇಕ್ರಿ, ದ್ಯಾಮವ್ವನ ಗುಡಿ ಇರಬೇಕು, ಗೌಡ ಇರಬೇಕು, ಸುಡುಗಾಡ ಇರಬೇಕು...”

“ಸುಡುಗಾಡ ಇರಬೇಕು,” ಎಂದು ಗುಲ್ಜಾರಬಿ ತಾನೂ ಅಂದಳು. “ಕಂದೀಲಿನ ಬತ್ತಿ ಸಣ್ಣದು ಮಾಡ ಮೈಮುನಾ. ಹೊಲಿಯೂದು ಸಾಕಿನ್ನ. ಕೇಳಾಕ ಬೆಳಕು ಬೇಕಾಗಂಗಿಲ್ಲ.”

ಮೈಮುನಾ ಬತ್ತಿ ಇಳಿಸಿದಳು. ಹೆಂಗಸರು ಹತ್ತಿಯ ಗುಡ್ಡೆಯನ್ನು ಬದಿಗೆ ಸರಿಸಿ ಒತ್ತಿಕೊಂಡು ಕುಳಿತರು.

“ತಾರಿಹಾಳ ದಾಟಿ ಎರಿಹೊಲದಾಗ ಹಾದು ಹೋದ್ರ ಒಂದು ದಿಬ್ಬ ಬರತೈತಿ. ಬಿಳೇಹಕ್ಕಲ ಅಂತಿದ್ರು ಅದಕ್ಕ. ನಾ ಲಗ್ನಾ ಆಗಿ ಹೋಗಿದ್ದು ಅಲ್ಲಿಗೆ. ಎಂಟೋ ಒಂಬತ್ತೋ ಮನಿ. ಎರಡು ನಮ್ಮ ಪಿಂಜಾರರವು, ಉಳಿದಾವು ಲಿಂಗವಂತರವು. ಸುತ್ತ ಹೊಲಾ ಇದ್ದಾವ್ರು, ದಿನಾ ಹಿರೇಊರಿಂದ ನಡದು ಬರೂದು ದೂರ ಆಕ್ಕೈತಿ ಅಂತ, ಯಾವ ಕಾಲದಾಗೋ ಹೊಲದಾಗ ಮನಿ ಕಟ್ಟಿಕೊಂಡಿದ್ರು. ಹಿರೇಊರು ಅಂತ ನಾವು ಅನ್ನೂದು. ಅದರ ಖರೇ ಹೆಸರು ಬ್ಯಾರೆ ಐತಿ, ಅಲ್ಲಿ ಇನ್ನೂ ಮಂದಿ ಅದಾರ, ಹೆಸರು ಬ್ಯಾಡ ಬಿಡ್ರಿ. ಲೆಕ್ಕಕ್ಕ ನಾವೂ ಅವರ ಊರಿನಾವ್ರ. ಲೆಕ್ಕಕ್ಕ ಅಷ್ಟ! ಕಾರಹುಣ್ಣಿವಿ ದಿನ ನಮ್ಮ ಎತ್ತು ಎಲ್ಲಾರ ಎತ್ತು ಓಡಿದ ಮ್ಯಾಲ ಓಡಬೇಕು. ದ್ಯಾಮವ್ವಗ ಉಡಿ ತುಂಬಾಕ ನಮ್ಮ ಹೆಣಮಕ್ಕಳು ಎಲ್ಲಾರ ಹಿಂದ ನಿಂದರಬೇಕು. ಯಾರರ ಸತ್ರ ಹೆಣಾ ಹೊತಗೊಂಡು ಅಲ್ಲಿಗೇ ಹೋಗಬೇಕು, ಅಲ್ಲಿ ಮುಳ್ಳುಕಂಟಿ ಮೂಲ್ಯಾಗ ಜಾಗಾ ತೋರಸ್ತಿದ್ರು. ಬದುಕಿದ್ದಾಗೂ ಹಿಂದ, ಸತ್ತ ಮ್ಯಾಲೂ ಮೂಲಿ... ಹೊಟ್ಟಿ ಉರಿಯೂದಿಲ್ಲೇನ್ರವಾ, ನೀವ ಹೇಳ್ರಿ?

“ನಮ್ಮ ಪೈಕಿ ಹಿರ್ಯಾ ಅಂದ್ರ ದ್ಯಾಮಣ್ಣ. ಮನಿಶಾ ಬಂಗಾರದಂಥಾಂವ, ಆದ್ರ ಹಟಾ ಅಂದ್ರ ಹಟಾ, ತಾ ಹಿಡದ ಮೊಲಕ್ಕ ಮೂರ ಕಾಲು. ಅಂವನ ಸೊಸಿ ಶಿವಲಿಂಗವ್ವ ನನ್ನ ಗೆಣತಿ. ಅಕಿ ಗಂಡ ತೀರಿಕೊಂಡಿದ್ದ. ಒಂದ ಹೆಣ್ಣಕೂಸು ಇತ್ತು, ಫಕೀರವ್ವ. ಹುಟ್ಟಿದ ಮಕ್ಕಳು ಉಳೀವಲ್ವು ಅಂತ ಫಕೀರಸ್ವಾಮಿಗೆ ಹರಕಿ ಹೊತ್ತು ಹಡದದ್ದು, ಅದಕ್ಕ ಆ ಹೆಸರು. ಆ ಹುಡುಗಿ ಚಾಳಿ ಏನು ಗೊತ್ತೇನು? ಯಾರು ಯಾರನ್ನ ಕೂಗಿದ್ರೂ ಇಕಿ ಓ ಅಂತಿದ್ಳು. ನಾ ನನ್ನ ಮಗನ್ನ ಕೂಗಿದ್ರ ಇಕಿ ಓಡಿ ಬರಾಕಿ. ‘ನಿನ್ನ ಅಲ್ಲವಾ, ಅಂವನ್ನ ಕರದೆ’ ಅಂದ್ರ, ‘ಇರಲಿ ಬಿಡು ಚಿಗವ್ವಾ, ನಾ ಬಂದೇನಲ್ಲ’ ಅಂತಿದ್ಳು. ಎಷ್ಟ ನಗತಿದ್ವಿ! ದ್ಯಾಮಣ್ಣ ಮೊಮ್ಮಗಳನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು, ‘ಕೂಗಿದ್ರ ಓ ಅನ್ನಾವ್ರು ಇದ್ರ ಅದ ಊರು. ನಮ್ಮ ಊರಿಗೆ ಇಕಿ ಒಬ್ಬಾಕೀನ ಸಾಕು’ ಅಂತಿದ್ದ... ಯಾವ ಹೊತ್ತಿನ್ಯಾಗ ಅಂದ್ನೋ, ಆ ಮಾತಿಗೆ ಅಸ್ತು ಅನ್ನಾವ್ರು ಎಲ್ಲೋ ಇದ್ರು.

“ಒಂದ ವರ್ಷ ವಾಂತಿಭೇದಿ ಬಂತು. ಸುತ್ತಿನ ಹಳ್ಳ್ಯಾಗ ಬೆಳಗಾದ್ರ ಒಂದು ಹೆಣಾ. ಹಿರೇಊರಾಗ ಹೊರಬೀಡು ಅಂತ ಡಂಗರಾ ಹೊಡಸಿದ್ರು. ಮೈಮುನಾ, ನೀ ಪ್ಯಾಟ್ಯಾಗ ಬೆಳದಾಕಿ, ನಿನಗ ಗೊತ್ತಿರಲಿಕ್ಕಿಲ್ಲ. ಕೆಟ್ಟ ಬ್ಯಾನಿ ಬಂದಾಗ ಒಂದ ದಿನಾ ಊರಿಗೆ ಊರ ಹೊರಬೀಳೂದು. ಹೊತ್ತ ಮೂಡೂಕಿಂತ ಮೊದಲ ಒಲಿ ಆರಿಸಿ, ದೀಪಾ ಶಾಂತ ಮಾಡಿ, ಮಂದಿ, ದನಾ, ಕರಾ, ಬಾಣಂತಿ, ಕೂಸು ಎಲ್ಲಾ ಹೊರಗ. ಹಿರ್ಯಾ ಅಗಸಿ ಮುಂದ ನಿಂತು ‘ಒಳಗ ಯಾರರ ಅದೀರೇನು?’ ಅಂತ ಕೂಗ್ತಾನ. ಯಾರೂ ಓ ಅನ್ನಲಿಲ್ಲಂದ್ರ ಅಗಸಿಗೆ ಜಾಲಿಮುಳ್ಳು ಜಡೀತಾರ. ಆಮ್ಯಾಲ ಹೊತ್ತ ಮುಳುಗೂತನಕ ಊರು ದ್ಯಾಮವ್ವಂದು. ಅಕಿ ಒಬ್ಬಾಕೀನ ಓಣಿ ಓಣಿ ತಿರಗಿ ಬ್ಯಾನಿ ಕಸಾ ಹೊಡೀತಾಳ. ಮುಳ್ಳು ಹಾಕಿದ ಮ್ಯಾಲ ಒಳಗಿಂದ ದನಿ ಬಂದ್ರ ಯಾರೂ ಓ ಅನ್ನಬಾರ್ದು, ಒಳಗ ಕಾಲ ಇಡಬಾರ್ದು... ಅದು ಮನಶ್ಯಾರ ದನಿ ಅಲ್ಲ.

“ಹಿರೇಊರ ಗೌಡ ಸಿದ್ದಲಿಂಗಪ್ಪ ನಮಗ ಹೇಳಿ ಕಳಿಸಿದ, ನೀವೂ ಬರ್ರಿ, ನಮ್ಮ ಮಂದಿ ಕುಂತ ಮ್ಯಾಲ ಕಡೀಕ ಕುಂದರ್ರಿ ಅಂತ. ಕಡೀಕ! ದ್ಯಾಮಣ್ಣಗ ಮೈಯೆಲ್ಲಾ ಉರದು ಹೋತು. ‘ನಮ್ಮ ಊರು ನಾವು ಹೊರಬೀಳ್ತೇವಿ’ ಅಂದ. ಆಳಿನ ಕೈಲೆ ಹಂಗ ಹೇಳಿ ಕಳಿಸಿದ. ಹೊರಬೀಳಾಕ ಅಗಸಿ ಬೇಕಲ್ಲ? ಎರಡು ಬೇವಿನ ಕಂಬಾ ಹುಗದು, ಮ್ಯಾಲೊಂದು ತೊಲಿ ಇಟ್ಟು, ಅರಿಷಿಣ ಕುಂಕುಮಾ ಹಚ್ಚಿ, ಇದ ನಮ್ಮ ಅಗಸಿ ಅಂದ. ಅಗಸಿ ಏನೋ ಆತು. ಗ್ವಾಡಿ? ಗ್ವಾಡಿ ಎಲ್ಲಿಂದ ತರೂದು? ನಮ್ಮ ಮನಿ ಕೋಳಿ ಕಂಬದ ಬಾಜೂಕ ಹಾದು ಹೊರಗ ಬರ್ತಿದ್ವು, ಆಕಡೆ ಬಾಜೂಕ ಹಾದು ಒಳಗ ಹೋಗ್ತಿದ್ವು. ನನ್ನ ಗಂಡ ಅದನ್ನ ನೋಡಿ ನಕ್ಕದ್ದಕ್ಕ ದ್ಯಾಮಣ್ಣ ಅಂವನ ಕೂಡ ಮಾತ ಬಿಟ್ಟಿದ್ದ.

“ಸುಕ್ರವಾರ ನಮ್ಮ ಹೊರಬೀಡು ಅಂತ ಠರಾವ ಆತು. ಮಕ್ಕಳನ್ನ ಸಾಲಾಗಿ ನಿಂದರಿಸಿ ದ್ಯಾಮಣ್ಣ ಹೇಳಿದ, ‘ಜೀವ ಇದ್ದದ್ದು ಒಂದೂ ಒಳಗ ಉಳೀಬಾರ್ದು. ಉಳದ್ರ ದ್ಯಾಮವ್ವ ಸಿಟ್ಟಾಕ್ಕಾಳ.’ ದೊಡ್ಡಾವ್ರು ಅರ್ಧಾ ಕೇಳಿದ್ರು. ಮಕ್ಕಳು ಪೂರಾ ಕೇಳಿದ್ವು.

“ಮುಂಜಾನಿ ಎಲ್ಲಾರೂ ಹೊರಗ ಬಂದ್ವಿ. ಹಿರೇಊರಿಂದ ಸಿದ್ದಲಿಂಗಪ್ಪ ಗೌಡ ನಾಕ ಮಂದಿ ಹಿರ್ಯಾರನ್ನ ಕರಕೊಂಡು ಕುದರಿ ಮ್ಯಾಲ ಬಂದಿದ್ದ... ಇವರಿಗೆ ರೀತಿ ರಿವಾಜ ತಿಳದಾವೋ ಇಲ್ಲೋ ನೋಡೂಣು ಅಂತ. ಅವರ ಎದುರಿಗೆ ದ್ಯಾಮಣ್ಣ ಅಗಸಿ ಮುಂದ ನಿಂತು ಎದಿ ಉಬ್ಬಿಸಿ ಕೂಗಿದ, ಒಳಗ ಯಾರರ ಅದೀರೇನು? ಯಾರೂ ಓ ಅನ್ನಲಿಲ್ಲ. ಮುಳ್ಳು ಜಡದ್ರು. ಹಳ್ಳದ ದಂಡಿಗೆ ಬೇವಿನ ಗಿಡದ ಬುಡಕ ಹೋಗಿ ಒಲಿ ಹೂಡಿದ್ವಿ. ಮಕ್ಕಳು ಹಳ್ಳದಾಗ, ಗಿಡದಾಗ, ಯಾರ ಮಕ್ಕಳು ಯಾರ ಹಂತೇಕ ಅದಾವ ಅಂತ ಯಾರು ನೋಡ್ತಾರ? ನಮ್ಮ ಹಕ್ಕಲದಾಗ ಮಕ್ಕಳು ಯಾವ ಮನ್ಯಾಗ ಉಂಡ್ವು, ಯಾವ ಮನ್ಯಾಗ ಮಲಗಿದ್ವು ಅಂತ ತಾಯಂದ್ರು ಕೇಳತಿದ್ದಿಲ್ಲ. ಎಲ್ಲಾ ಮನೀನೂ ಅವರವ. ಅದ ನಮಗ ಮುಳುವಾತು.

“ಅಡಗಿ ಆತು. ಹೊತ್ತು ನೆತ್ತಿಗೆ ಬಂತು. ತಾಯಂದ್ರು ಎದ್ದು ನಿಂತು ತಮ್ಮ ತಮ್ಮ ಮಕ್ಕಳನ್ನ ಉಣ್ಣಾಕ ಕೂಗಿದ್ರು. ಶಿವಲಿಂಗವ್ವನೂ ಕೂಗಿದ್ಳು, ‘ಫಕೀರವ್ವಾ... ಬಾರವಾ, ಉಣ್ಣು ಬಾ...’

“ಓ... ಅಂತು.

“ಹಳ್ಳದ ಕಡಿಂದ ಅಲ್ಲ. ಊರೊಳಗಿಂದ.”

ಗುಲ್ಜಾರಬಿ ನಿಲ್ಲಿಸಿದಳು. ಕೈಯಲ್ಲಿದ್ದ ಹತ್ತಿಯ ಎಸಳನ್ನು ಮೈಮುನಾ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ಗಟ್ಟಿ ಉಂಡೆಯಾಗಿತ್ತು. ಅವಳಿಗೆ ಈ ಕತೆ ಇಲ್ಲಿಗೇ ಸಾಕು ಎನಿಸಿತು. ಆದರೆ ಅತ್ತೆಯನ್ನು ತಡೆಯುವ ಧೈರ್ಯ ಆ ಓಣಿಯಲ್ಲೇ ಯಾರಿಗೂ ಇರಲಿಲ್ಲ.

“ಆ ದನಿ ಹೆಂಗಿತ್ತು ಅಂತ ಹೇಳ್ಲಿ? ಕೊಡದಾಗ ಮಾರಿ ಇಟ್ಟು ಮಾತಾಡಿಧಂಗ. ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ, ನೆಲದ ಬುಡದಿಂದ ಎದ್ದು ಬಂಧಂಗ. ತುತ್ತು ಬಾಯಿಗೆ ಒಯ್ದಾವ್ರ ಕೈ ಅಲ್ಲೇ ನಿಂತ್ವು. ಸಿದ್ದಲಿಂಗಪ್ಪ ಗೌಡ ಸಣ್ಣಾಗಿ ಅಂದ, ‘ದ್ಯಾಮಣ್ಣಾ, ನಿಮ್ಮಲ್ಲಿಗೂ ಬಂದ್ಳಪಾ ತಾಯಿ. ಯಾರನ್ನ ಕೂಗ್ತೀರಿ ಅವರ ದನಿ ಹಿಡಿದು ಓ ಅಂತಾಳ, ಪರೀಕ್ಷಾ ಮಾಡ್ತಾಳ. ಎದ್ದು ಹೋದ್ರಿ ಅಂದ್ರ ಎಲ್ಲಾ ಕೆಡತೈತಿ. ನೀವು ಊರಿನಾವ್ರು ಹೌದೋ ಅಲ್ಲೋ ಅನ್ನೂದು ಈಗ ತಿಳೀತೈತಿ.’ ಅಂವ ಕೆಟ್ಟಾಂವ ಅಲ್ಲ ನೋಡ್ರಿ, ಅಂವನೂ ಅಂಜಿದ್ದ.

“ಶಿವಲಿಂಗವ್ವ ಸುತ್ತ ನೋಡಿದ್ಳು. ‘ನನ್ನ ಮಗಳೆಲ್ಲಿ?’ ಅಂದ್ಳು. ಯಾರೋ ಅಂದ್ರು, ದೊಡ್ಡ ಹುಡಿಗ್ಯಾರ ಕೂಡ ಹಳ್ಳದ ಮ್ಯಾಲಕ ಹೋಗ್ಯಾಳ ಅಂತ. ಹಳ್ಳಕ್ಕ ಒಬ್ಬಾಕಿನ್ನ ಓಡಿಸಿದ್ರು. ಶಿವಲಿಂಗವ್ವ ತಡೀಲಾರದ ಮತ್ತ ಕೂಗಿದ್ಳು, ‘ಫಕೀರವ್ವಾ!’

“ಓ... ಮತ್ತ ಒಳಗಿಂದನ.

“ಅಕಿ ಎದ್ಳು. ದ್ಯಾಮಣ್ಣ ಅಡ್ಡ ನಿಂತ. ‘ಕುಂದ್ರವಾ’ ಅಂದ. ‘ಇವರ ಮುಂದ ನನ್ನ ಮಾರಿ ತಗಿಯಬ್ಯಾಡ. ಹುಡುಗಿ ಹಳ್ಳದಾಗ ಅದಾಳ.’ ಅಂವಗ ಮೊಮ್ಮಗಳ ದನಿ ಗುರ್ತು ಸಿಗಲಿಲ್ಲೇನು? ಸಿಕ್ಕಿತ್ತೇನು? ಅಷ್ಟು ವರ್ಷಾತು, ನನಗ ಇನ್ನೂ ತಿಳಿವಲ್ದು. ಶಿವಲಿಂಗವ್ವ ಗೌಡನ ಮಾರಿ ನೋಡಿದ್ಳು, ಮಾವನ ಮಾರಿ ನೋಡಿದ್ಳು, ಕಡೀಕ ನನ್ನ ಮಾರಿ ನೋಡಿ ಅಂದ್ಳು, ‘ಗುಲ್ಜಾರಾ, ಇದು ನನ್ನ ಮಗಳ ದನಿ ಅಲ್ಲ ಹೌದಲ್ಲ? ನನ್ನ ಮಗಳ ದನಿ ತೆಳ್ಳಗ ಐತಿ.’ ನಾ ಏನ ಅನ್ನಲೆವಾ... ನನಗೂ ಅದು ಬ್ಯಾರೆ ದನೀನ ಅನಿಸಿತ್ತು. ಹೌದವಾ ಅಂದೆ.

“ಕೂಗಿದ್ರ ಅದು ಓ ಅಂತೈತಿ, ಕೂಗಬ್ಯಾಡ ಅಂದ್ರು ಎಲ್ಲಾರೂ. ಅಕಿ ಬಾಯಾಗ ಸೆರಗು ತುರಕೊಂಡು ಕುಂತ್ಳು. ತಾಯಿ ಕೂಗೂದು ನಿಂದರಿಸಿದ್ಳು. ಆದ್ರ ಅದು ನಿಂದರಲಿಲ್ಲವಾ... ಕೂಗದಿದ್ರೂ ಓ ಅಂತು. ಓ... ಓ... ನನ್ನ ಯಾಕ ಕರದ್ರಿ, ಕರದು ಯಾಕ ಸುಮ್ಮನಾದ್ರಿ ಅನ್ನೂವಂಗ. ಆಮ್ಯಾಲ ಸಣ್ಣಾತು. ಆಮ್ಯಾಲ ಇಲ್ಲ. ಹೊತ್ತು ಮುಳಗಾಕ ಇನ್ನೂ ಭಾಳ ಹೊತ್ತಿತ್ತು.

“ಮತ್ತ ನೆನಪಿಡ್ರಿ, ಗ್ವಾಡಿ ಇರಲಿಲ್ಲ! ಎರಡು ಕಂಬಾ, ನಡುವ ಒಂದು ಹೊರಿ ಜಾಲಿಮುಳ್ಳು. ಬಾಜೂಕ ಬಟಾಬಯಲು. ಕೋಳಿ ಹಾದು ಹೋಗ್ತಿದ್ವು. ಒಂದು ಊರಿಗೆ ಊರ ಅದನ್ನ ದಾಟಲಾರದ ಕುಂತಿತ್ತು.”

ಈರವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಗುಲ್ಜಾರಬಿಯ ಕಣ್ಣು ಒಣಗಿದ್ದವು. ಅವಳ ಧ್ವನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು, ಆ ಸಿಟ್ಟು ಯಾರ ಮೇಲೆ ಎಂದು ಮೈಮುನಾಗೆ ತಿಳಿಯಲಿಲ್ಲ.

“ಸಂಜಿಗೆ ಮುಳ್ಳು ತಗದ್ರು. ಹಳ್ಳಕ್ಕ ಹೋದಾಕಿ ಅಷ್ಟರಾಗ ಹೊಳ್ಳಿ ಬಂದು, ಹುಡುಗಿ ಅಲ್ಲಿಲ್ಲ, ಗಿಡದ ಮ್ಯಾಲ ಅದಾಳೇನೋ, ಬಂಡಿ ಬುಡಕ ಮಲಗ್ಯಾಳೇನೋ ಅಂತ ಹುಡುಕಿ ಹುಡುಕಿ ಸಾಕಾಗಿದ್ಳು. ಶಿವಲಿಂಗವ್ವ ಎಲ್ಲಾರಕಿಂತ ಮೊದಲ ಒಳಗ ಓಡಿದ್ಳು. ದ್ಯಾಮಣ್ಣನ ಅಂಗಳದಾಗ ಹಗೇವು ಇತ್ತು. ಜೋಳಾ ತುಂಬಿಡೂ ನೆಲದಾಗಿನ ಕುಣಿ, ಬಾಯಿ ಸಣ್ಣದು, ಒಳಗ ಹೊಟ್ಟಿ ದೊಡ್ಡದು. ಅದರ ಗಾಳಿ ಕೆಟ್ಟದ್ದು, ಲಗೂನ ಇಳಿಯಂಗಿಲ್ಲ, ದೀಪಾ ಇಳಿಬಿಟ್ರ ಆರತೈತಿ. ಹೊರಬೀಡಿನ ಅಡಗಿಗೆ ಜೋಳಾ ಬೇಕಂತ ಹಿಂದಿನ ದಿನ ತಗದಿದ್ರು, ಗಡಿಬಿಡ್ಯಾಗ ಬಾಯಿಗೆ ಕಲ್ಲ ಇಡಲಾರದ ಚಾಪಿ ಮುಚ್ಚಿ ಬಿಟ್ಟಿದ್ರು. ಚಾಪಿ ಒಳಗ ಬಿದ್ದಿತ್ತು. ಬಾಯಾಗ ಬಗ್ಗಿ ನೋಡಿದ್ರ...

“ಮಲಗಿಧಂಗ ಇದ್ಳು. ಉಡಿಯಾಗ ಬೆಕ್ಕಿನ ಮರಿ. ಜೀವ ಇದ್ದದ್ದು ಒಂದೂ ಒಳಗ ಉಳೀಬಾರ್ದು ಅಂತ ಅಜ್ಜ ಹೇಳಿದ್ನಲ್ಲ... ಮರಿ ಉಳದೈತಿ ಅಂತ ನೆನಪಾಗಿ, ಹಳ್ಳದಿಂದ ಹೊಳ್ಳಿ, ಕಂಬದ ಬಾಜೂಕ ಹಾದು ಒಳಗ ಬಂದಿದ್ಳು. ಅದನ್ನ ಹಿಡಕೊಂಡು ಓಡಿ ಬರೂವಾಗ ಚಾಪಿ ಮ್ಯಾಲ ಕಾಲಿಟ್ಟಾಳ. ಊರು ಉಳೀಲಿ ಅಂತ ಬಂದ ಕೂಸದು.

“ಶಿವಲಿಂಗವ್ವ ಅಳಲಿಲ್ಲ. ಹಗೇವಿನ ಬಾಯಿಗೆ ಮಾರಿ ಇಟ್ಟು, ‘ಓ ಅಂದ್ಯಲ್ಲವಾ, ನಾ ಕರದದ್ದಕ್ಕ ಓ ಅಂದ್ಯಲ್ಲ’ ಅಂತ ಅದನ್ನ ಅಂತಿದ್ಳು, ಅದನ್ನ ಅಂತಿದ್ಳು.

“ಸಿದ್ದಲಿಂಗಪ್ಪ ಗೌಡ ಕುದರಿ ಇಳದು ಬಂದ. ಕಣ್ಣಾಗ ನೀರು. ‘ದ್ಯಾಮಣ್ಣಾ, ನಮ್ಮ ಮನಿತನದ ಜಾಗಾದಾಗ ಕೂಸಿನ್ನ ಮಣ್ಣ ಮಾಡೂಣು’ ಅಂದ. ದ್ಯಾಮಣ್ಣ ತಲಿ ಅಲ್ಲಾಡಿಸಿದ. ಇನ್ನ ನಮ್ಮ ಹೆಣಾ ನಿಮ್ಮ ಕಡೆ ಬರೂದಿಲ್ಲ ಅಂದ. ದಿಬ್ಬದ ಕೆಳಗ ಬನ್ನಿಗಿಡದ ಹಂತೇಕ ತಾನ ಕುಣಿ ತೋಡಿದ. ಅವತ್ತ ಬಿಳೇಹಕ್ಕಲಕ್ಕ ಸುಡುಗಾಡ ಬಂತು ಈರವ್ವಾ. ಅಗಸಿ ಬಂತು, ಹೊರಬೀಡು ಆತು, ಸುಡುಗಾಡೂ ಆತು. ಊರಾತು. ಒಂದ ಕೂಸಿನ ಗೋರಿ ಇರೂ ಊರು.”

ಹೊರಗೆ ಮಳೆ ಸ್ವಲ್ಪ ಸಣ್ಣದಾಗಿ, ಹಂಚಿನ ಅಂಚಿನಿಂದ ಬೀಳುವ ಹನಿಗಳ ಸದ್ದು ಕೇಳತೊಡಗಿತ್ತು. ಗುಲ್ಜಾರಬಿ ಎಲೆಯಡಿಕೆಯ ಸಂಚಿ ಹುಡುಕಿ, ತೆಗೆದು, ಹಾಕಿಕೊಳ್ಳದೆ ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡಳು.

“ಕತಿ ಇಲ್ಲಿಗೆ ಮುಗಿದಿದ್ರ ನಾ ಹೇಳತಿದ್ದಿಲ್ಲ. ಮಕ್ಕಳು ಸಾಯತಾವ, ಅದು ಕತಿ ಅಲ್ಲ, ಅದು ಹಣೇಬಾರ... ಆಮ್ಯಾಲ ಒಂದು ಸಂಜಿ ನಾ ನನ್ನ ಮಗನ್ನ ಕೂಗಿದೆ. ಮೈಮುನಾ, ನಿನ್ನ ಗಂಡನ್ನ. ಅಂವ ಹಿತ್ತಲದಾಗ ಇದ್ದ, ಓ ಅಂದ. ಆದ್ರ ಅಂವಗಿಂತ ಮೊದಲ ಇನ್ನೊಂದು ಓ ಬಂತು. ಕೊಡದಾಗ ಮಾರಿ ಇಟ್ಟಂಥಾ ಓ. ನಾ ಯಾರ ಮುಂದನೂ ಬಾಯಿ ಬಿಡಲಿಲ್ಲ. ಮರದಿನಾ ಬಾವಿ ಕಟ್ಟಿ ಮ್ಯಾಲ ಇನ್ನೊಬ್ಬಾಕಿ ಅಂದ್ಳು, ತನ್ನ ಮನ್ಯಾಗೂ ಹಂಗ ಆತು ಅಂತ. ಯಾರ ಹೆಸರು ಕೂಗಲಿ, ಮೊದಲ ಓ ಅನ್ನಾಕಿ ಅಕಿ. ಇರಲಿ ಬಿಡು ಚಿಗವ್ವಾ, ನಾ ಬಂದೇನಲ್ಲ...

“ಅಕಿ ಯಾರಿಗೂ ಏನೂ ಮಾಡಲಿಲ್ಲ. ಒಂದ ಕೂಸಿಗೆ ಜ್ವರ ಬರಲಿಲ್ಲ, ಒಂದ ದನಾ ಸಾಯಲಿಲ್ಲ. ಆದ್ರ ತಾಯಂದ್ರು ಕೂಗೂದ ಬಿಟ್ರು. ಮಕ್ಕಳು ಬೇಕಂದ್ರ ಎದ್ದು ಹೋಗಿ ಕೈ ಹಿಡದು ಕರಕೊಂಡು ಬರೂದು. ಗಂಡಸರು ಹೊಲದಾಗ ಒಬ್ಬರನ್ನೊಬ್ಬರು ಕೂಗವಲ್ರು. ಒಬ್ಬರನ್ನೊಬ್ಬರು ಕೂಗಲಾರದ ಮಂದಿ ಎಷ್ಟ ದಿನಾ ಒಂದ ಕಡೆ ಇರತಾರ್ರವಾ? ಒಂದೊಂದ ಮನಿ ಎದ್ದು ಹೋತು. ನನ್ನ ಗಂಡನೂ ಹಿಂಜೂ ಬಿಲ್ಲು, ಹತ್ತಿ ಬಂಡ್ಯಾಗ ಹೇರಿಕೊಂಡು ಈ ಓಣಿಗೆ ಬಂದ. ದ್ಯಾಮಣ್ಣ ಆ ಕಂಬಕ್ಕ ಬೆನ್ನ ಹಚ್ಚಿ ಕುಂತ ಕುಂತಲ್ಲೇ ಪ್ರಾಣಾ ಬಿಟ್ಟ.

“ಶಿವಲಿಂಗವ್ವ ಒಬ್ಬಾಕೀನ ಉಳದ್ಳು. ಬಾರ ತಾಯಿ, ಹುಬ್ಬಳ್ಳಿಗೆ ಬಾ, ನನ್ನ ಹಂತೇಕ ಇರು ಅಂತ ಕಾಲ ಹಿಡದೆ. ‘ಇಲ್ಲಿ ನಾ ಕೂಗಿದ್ರ ಅಕಿ ಓ ಅಂತಾಳ ಗುಲ್ಜಾರಾ. ಅಲ್ಲಿ ಓ ಅನ್ನಾವ್ರು ಯಾರದಾರ?’ ಅಂದ್ಳು. ದಿನಾ ಮದ್ಯಾಣ ಎಡಿ ಮಾಡಿ ಕೂಗತಿದ್ಳು. ಫಕೀರವ್ವಾ, ಉಣ್ಣು ಬಾ. ಓ... ಅಂತಿತ್ತು. ಅಷ್ಟ. ಅದರಿಂದ ಅಕಿ ಹೊಟ್ಟಿ ತುಂಬತಿತ್ತು. ದೆವ್ವಕ್ಕ ಅಂಜತಾರ ಮಂದಿ. ಆ ಓ ಒಂದ ದಿನಾ ಬರಲಿಲ್ಲಂದ್ರ ಏನು ಮಾಡಲಿ ಅಂತ ಅಂಜತಿದ್ಳು ಅಕಿ.

“ಅಕಿ ಸತ್ತ ಸುದ್ದಿ ನನಗ ತಡಾಗಿ ಮುಟ್ಟಿತು. ಓಡಿ ಹೋಗೂದ್ರಾಗ ಮಣ್ಣ ಆಗಿ ಹೋಗಿತ್ತು. ಎಲ್ಲಿ ಅಂತ ಕೇಳ್ರಿ... ಹಿರೇಊರಾಗ. ಬಿಳೇಹಕ್ಕಲದಾಗ ಒಬ್ಬರೂ ಉಳದಿಲ್ಲ, ಮಂದಿ ಇಲ್ಲದ ಮ್ಯಾಲ ಅದ್ಯಾವ ಊರು, ಅಲ್ಯಾಕ ಮಣ್ಣ ಮಾಡೂದು ಅಂತ ಹೊತಗೊಂಡು ಹೋಗಿದ್ರು. ಪುಣ್ಯಾ ಅಂತ ತಿಳದ ಮಾಡಿದ್ರು. ತಾಯಿ ಅಲ್ಲಿ, ಮಗಳು ಇಲ್ಲಿ. ಸತ್ತಾದ್ರೂ ಕೂಡಿದ್ರು ಅಂತ ಸಮಾಧಾನ ಮಾಡಿಕೊಳ್ಳೂದೂ ಇಲ್ಲದಂಗಾತು.

“ನಾ ದಿಬ್ಬದ ಮ್ಯಾಲ ನಿಂತು ಕೂಗಿದೆ. ಓ ಅಂತು. ವರ್ಷಕ್ಕ ಒಮ್ಮಿ ಹೋಗಿ ಕೂಗಿ ಬರತಿದ್ದೆ, ಈ ಮೊಣಕಾಲು ಹೋಗೂತನಕ. ಎರಡ ವರ್ಷದ ಹಿಂದ ಖಾನೇಸುಮಾರ್ಯಾಗ ಮಂದಿ ಲೆಕ್ಕಾ ಬರಕೊಳ್ಳಾಂವ ಹೋಗಿದ್ದನಂತ. ಅಂವನ ಕೂಡ ಹೋಗಿದ್ದ ಹಿರೇಊರ ವಾಲೀಕಾರ ಸಂತ್ಯಾಗ ಸಿಕ್ಕಾಗ ಹೇಳಿದ. ಕಂಬದ ಹಂತೇಕ ನಿಂತು, ಯಾರರ ಅದೀರೇನು ಅಂತ ಕೂಗಿದನಂತ. ಓ ಅಂತಂತ. ಒಳಗ ಹೋಗಾಕ ವಾಲೀಕಾರ ಬಿಡಲಿಲ್ಲ, ಮಂದಿ ಅದಾರ, ಬರಕೋರಿ ಸಾಹೇಬ್ರ ಅಂದ. ಬರಕೊಂಡ. ಎಂಟ ಮನಿ ಇದ್ದಾಗ ಯಾರೂ ಊರು ಅನ್ನಲಿಲ್ಲ. ಈಗ ಸರಕಾರದ ಲೆಕ್ಕದಾಗ ಬಿಳೇಹಕ್ಕಲ ಊರು. ಮಂದಿ, ಒಬ್ಬರು.”

ಈರವ್ವ ಮೆಲ್ಲನೆ, “ಈಗೂ ಅಲ್ಲೇ ಅದಾಳೇನ್ರಿ?” ಎಂದಳು.

“ಅಲ್ಲಿ ಕೂಗಾವ್ರು ಯಾರದಾರವಾ? ಕರಿಯಾವ್ರು ಇಲ್ಲದ ಮನ್ಯಾಗ ಯಾವ ಕೂಸು ಕುಂದರತೈತಿ? ಹ್ವಾದ ವರ್ಷ ತಾರಿಹಾಳದಾಗ ಹೆಣಮಕ್ಕಳು ಸಂಜಿಮುಂದ ಮಕ್ಕಳನ್ನ ಕೂಗೂದ ಬಿಟ್ಟಾರ ಅಂತ ಕೇಳಿದೆ. ಈ ಸಲ ಮಳಿ ಹಿಡದ ಮ್ಯಾಲ ಇಲ್ಲೇ ಬಾಜೂಕಿನ ಬೈರಿದೇವರಕೊಪ್ಪದಾಕಿ ಒಬ್ಬಾಕಿ ಗಾದಿ ಒಯ್ಯಾಕ ಬಂದಾಗ ಅಂದ್ಳು, ‘ಅಮ್ಮಾ, ನನ್ನ ಮಗನ್ನ ಕೂಗಿದ್ರ ಎರಡು ಓ ಬರತಾವ’ ಅಂತ. ತಾಯಂದ್ರ ದನಿ ಎಲ್ಲಿ ಕೇಳತೈತೋ ಅಲ್ಲಿಗೆ ಬರಾಕತ್ತಾಳ. ಸಣ್ಣ ಕಾಲು. ನಿಧಾನಕ ಬರತಾಳ.”

ಮಳೆ ನಿಂತಿತ್ತು. ಎದುರು ಮನೆಯ ಬಾಗಿಲಲ್ಲಿ ಬೆಳಕಿರಲಿಲ್ಲ. ಮಗಳನ್ನು ಕರೆಯಬೇಕೆಂದು ಮೈಮುನಾ ಎದ್ದು ಹೊಸ್ತಿಲಿಗೆ ಬಂದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಓಣಿ ನಾಲ್ಕು ಹೆಜ್ಜೆ ಅಗಲ, ಹೋಗಿ ಎತ್ತಿಕೊಂಡು ಬಂದುಬಿಡೋಣ ಎಂದು ಸೀರೆಯ ನೆರಿಗೆ ಎತ್ತಿ ಕಟ್ಟೆ ಇಳಿಯಲು ಕಾಲು ಮುಂದಿಟ್ಟಳು. ಹೆದರಿಕೆಯೇ ಹೆಚ್ಚೋ, ಆ ಇನ್ನೊಂದು ಮಗುವಿನ ಮೇಲಿನ ಸಂಕಟವೇ ಹೆಚ್ಚೋ ಅವಳಿಗೇ ತಿಳಿಯದು.

“ಇಳೀಬ್ಯಾಡ,” ಎಂದಳು ಗುಲ್ಜಾರಬಿ ಹಿಂದಿನಿಂದ. “ಅಲ್ಲೇ ನಿಂತು ಕೂಗು. ಗಟ್ಟ್ಯಾಗಿ ಕೂಗು, ತಾಯಿ ಕೂಗೂವಂಗ. ಒಂದ ಓ ಬಂದ್ರ ನಿನ್ನ ಮಗಳು. ಎರಡು ಬಂದ್ರ... ಅಂಜಿ ಬಾಗಲಾ ಹಾಕಬ್ಯಾಡವಾ. ಆ ಕೂಸಿನ ಮಾರೀ ಮ್ಯಾಲ ಒಮ್ಮಿ ಮುಳ್ಳು ಜಡದಾರ, ಸಾಕು.”